ಹೊಗೆಯಿಲ್ಲದ ಒಲೆಗೆ ಬ್ಲೋವರ್

ಹೊಗೆಯಿಲ್ಲದ ಬೆಂಕಿ ಎಂದರೆ ನನಗೆ ಮೊದಲಿನಿಂದಲೂ ಅನುಮಾನ. ಸಿರುಗುಪ್ಪದ ನಮ್ಮ ಮಂಡಕ್ಕಿ ಭಟ್ಟಿಗೆ ಬಳ್ಳಾರಿಯಿಂದ ಒಬ್ಬ ಮಾರಾಟಗಾರ ಹೈಡ್ರೋಜನ್ ಒಲೆ ತಂದಿಳಿಸಿದಾಗ, ಅವನ ಇಸ್ತ್ರಿ ಅಂಗಿ ನೋಡಿಯೇ ಮೂಗು ಮುರಿದಿದ್ದೆ.

"ಹೊಗೀನ ಬರಂಗಿಲ್ರಿ ಅಕ್ಕಾರ. ಬರೇ ನೀರಿನ ಆವಿ," ಎಂದ.

ಆ ಮಾತಿಗೆ ನನ್ನ ಅಕ್ಕನ ಮುಖ ಅರಳಿತು. ಭಟ್ಟಿ ಅವಳದು. ಉಮಿಯ ಹೊಗೆ ಕುಡಿದು ಕುಡಿದು ಅವಳ ಎದೆ ಹಾಳಾಗಿತ್ತು. ಇನ್ನು ಒಲೆಯ ಮುಂದೆ ಕೂತರೆ ಜೀವಕ್ಕೇ ಸಂಚಕಾರ ಎಂದು ಬಳ್ಳಾರಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಂದಿನಿಂದ ಅವಳು ಕುರುಗೋಡಿನಲ್ಲಿ ಮಗಳ ಮನೆಯಲ್ಲಿ, ಅವಳ ಜಾಗದಲ್ಲಿ ನಾನು. ಈ ಒಲೆ ಬಂದರೆ ವಾಪಸ್ ಬಂದೇಬಿಡುತ್ತೇನೆಂದು ಹೊಸ ಸೀರೆ ಉಟ್ಟು ಬೆಳಗಿನ ಬಸ್ಸಿಗೇ ಬಂದಿಳಿದಿದ್ದಳು.

ಒಲೆ ಹೊತ್ತಿತು. ಉರಿ ಕಣ್ಣಿಗೆ ಸರಿಯಾಗಿ ಕಾಣಲೇ ಇಲ್ಲ. ಕಾಣದ್ದನ್ನು ನಂಬುವುದು ಹೇಗೆ? ಹೊಗೆಕೊಳವೆಗೆ ಸಿಕ್ಕಿಸಿದ ಮೀಟರಿನಲ್ಲಿ ಹಸಿರು ದೀಪ.

"ನೋಡ್ರಿ, ಕೆಟ್ಟ ಗ್ಯಾಸ್ ಇಲ್ಲಂದ್ರ ಇಲ್ಲ."

ಆದರೆ ಉರಿ ದೇವರ ಮುಂದಿನ ದೀಪದ ಹಾಗೆ ತಣ್ಣಗಿತ್ತು. ಅದಕ್ಕೆ ಬಾಣಲೆಯ ಮರಳು ಕಾಯುವುದು ಯಾವಾಗ, ಅಕ್ಕಿ ಅರಳುವುದು ಯಾವಾಗ? ಗಾಳಿ ಊದುವ ಬ್ಲೋವರ್ ಭರ್ರೋ ಎನ್ನದೆ ನಮ್ಮಲ್ಲಿ ಮಂಡಕ್ಕಿ ಆಗುವುದಿಲ್ಲ.

"ಬ್ಲೋವರ್ ಹಚ್ರಿ," ಎಂದೆ.

"ಈಗ್ಯಾಕ್ರಿ ಅದು?"

ಯಾಕಂತೆ! ಒಲೆಗೆ ಜೋಡಿಸಿದ್ದ ಬ್ಲೋವರಿನ ಸ್ವಿಚ್ ನಾನೇ ಒತ್ತಿದೆ. ಗಾಳಿ ನುಗ್ಗಿದ್ದೇ ತಡ, ಉರಿ ಬುಸುಗುಟ್ಟಿತು, ಮೀಟರಿನ ದೀಪ ಕೆಂಪಾಯಿತು. ಅವನ ಕೈ ಮೀಟರಿಗೆ ಅಡ್ಡ ಬಂತು.

"ಅದು ಗ್ಯಾಸಿಂದಲ್ರಿ, ಗಾಳೀದು."

"ಬಿಡಿಸಿ ಹೇಳ್ರಿ."

ಬಾಯಿಬಿಟ್ಟ. ಗಾಳಿ ಕಲಕಿದರೆ ಈ ಉರಿ ಅಲ್ಲಲ್ಲಿ ವಿಪರೀತ ಕಾಯುತ್ತದಂತೆ. ಆ ಕಾವಿಗೆ ಗಾಳಿಯೊಳಗಿನ ನೈಟ್ರೋಜನ್ನೇ ಸುಟ್ಟು ಎದೆಗೆ ಕೆಟ್ಟ ಗ್ಯಾಸ್ ಆಗುತ್ತದಂತೆ. ಅಯ್ಯೋ ಪುಣ್ಯಾತ್ಮ, ಹೊಗೆಯಾದರೆ ಕಂಡು ಎದ್ದಾದರೂ ಓಡಬಹುದಿತ್ತು!

"ಒಲಿ ಬ್ಯಾಡ. ತಗೊಂಡು ಹೋಗ್ರಿ," ಎಂದೆ.

ಅವನು ಹೋದ ಮೇಲೆ ಅಕ್ಕ ನನ್ನತ್ತ ತಿರುಗಿದಳು. "ಬೇಕಂತನ ಬ್ಲೋವರ್ ಹಚ್ಚಿದಿ. ನನ್ನ ಜಾಗಾ ನಿನಗ ರುಚಿ ಹತ್ತೈತಿ."

ಮೈಯೆಲ್ಲ ಉರಿದುಹೋಯಿತು. ಅಷ್ಟು ಹೊತ್ತೂ ನಾನು ಅವನ ಮೇಲೆ ಕಣ್ಣಿಟ್ಟಿದ್ದೆ. ಅಕ್ಕ ನನ್ನ ಮೇಲೆ ಕಣ್ಣಿಟ್ಟಿದ್ದಳು.

"ಹೂಂ, ನನಗ ಬೇಕು," ಎಂದೆ. "ನೀ ಕುರುಗೋಡಿನ್ಯಾಗ ಕುಂತು ನನ್ನ ಬೈಕೊಂತ ಇರು. ಜೀವಂತ ಇರು, ಅಷ್ಟ ಸಾಕು."

ಅವಳು ಚೀಲ ಎತ್ತಿಕೊಂಡಳು. ನಾನು ಅವಳತ್ತ ನೋಡದೆ ಹಳೆಯ ಒಲೆಗೆ ಉಮಿ ಸುರಿದು ಹೊತ್ತಿಸಿದೆ. ಹೊಗೆ ಎದ್ದಿತು, ಕೆಮ್ಮು ಬಂತು, ನಿಲ್ಲಲೇ ಇಲ್ಲ. ತಲೆ ಎತ್ತಿದಾಗ ಅಕ್ಕ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ನನ್ನ ಕೆಮ್ಮು ಕೇಳುತ್ತ.