ಅತ್ತೆಯ ಬೀರು

ಇವತ್ತು ಬೆಳಿಗ್ಗೆ ಮೈಸೂರಿನಿಂದ ಬಂದ ಪರಿಚಿತರೊಬ್ಬರು ಚಟ್ನಿಪುಡಿಯ ಪೊಟ್ಟಣ ಕೊಟ್ಟು ಹೋದರು. ಅದರ ಜೊತೆಗೇ ಒಂದು ಪುಟ್ಟ ಬೀಗದ ಕೈ, ಮೈಗೆಲ್ಲ ಇಂಗಿನ ವಾಸನೆ. ಚೀಟಿಯಲ್ಲಿ ಅತ್ತೆಯ ಅಕ್ಷರ: "ಮಂಡಿ ಕೈಕೊಟ್ಟಿದೆ. ಇನ್ನು ನಾನು ಬರೋಕಾಗಲ್ಲ. ನೀನೇ ತೆಗಿ."

ಆರು ವರ್ಷದ ಹಿಂದಿನ ಮಾತು. ಆಗ ನಾವಿದ್ದದ್ದು ಹ್ಯೂಸ್ಟನ್ನಿನಲ್ಲಿ. ಮೊದಲ ಸಲ ಬಂದ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಬೀರು ಎಲ್ಲಮ್ಮ?"

ನಾನು ಜಂಬದಿಂದ ಬಟ್ಟೆ ಇಡುವ ವಾಕ್-ಇನ್ ಕ್ಲಾಸೆಟ್ ತೋರಿಸಿದೆ.

"ಇದು ರೂಮಲ್ವೇನೇ? ಬೀಗ ಎಲ್ಲಿದೆ?"

"ಇಲ್ಲಿ ಯಾರತ್ತೆ ಕದೀತಾರೆ?" ಎಂದು ನಕ್ಕೆ. ನಗಬಾರದಿತ್ತು. ಎರಡು ವಾರವಾದರೂ ಅವರು ಸೂಟ್‌ಕೇಸಿನಿಂದ ಸೀರೆಗಳನ್ನು ಹೊರಗೆ ತೆಗೆಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಮನೆಯಲ್ಲಿದ್ದರು. ಹೀಗೇ ಆದರೆ ಬೇಗ ಹೊರಟುಬಿಡುತ್ತಾರೆಂದು ನನಗೆ ಭಯವಾಯಿತು.

ನಮ್ಮ ಬೀರು ಇಂಗ್ಲಿಷಿನ ಬ್ಯೂರೋ ತಾನೇ ಎಂದು ಅಂಗಡಿಗೆ ಹೋಗಿ ಕೇಳಿದೆ. ಅವರು ತೋರಿಸಿದ್ದು ಸೊಂಟದೆತ್ತರದ ಡ್ರಾಯರುಗಳ ಪೆಟ್ಟಿಗೆ, ಒಂದಕ್ಕೂ ಬೀಗವಿಲ್ಲ. ಪಕ್ಕದ ಮನೆಯ ಮೆಕ್ಸಿಕೋದ ರೋಸಾಳ ಹತ್ತಿರ ಗೋಳು ತೋಡಿಕೊಂಡರೆ, "ಬುರೋ? ನನ್ನ ಹತ್ತಿರ ಒಂದಿದೆ" ಎಂದಳು. ಅವರ ಸ್ಪ್ಯಾನಿಷಿನಲ್ಲಿ ಬುರೋ ಎಂದರೆ ಮಂಚದ ಪಕ್ಕದ ಗಿಡ್ಡ ಮೇಜು. ಅವಳ ಅಮ್ಮನದಂತೆ, ಒಂದೇ ಡ್ರಾಯರು, ಆದರೆ ಗಟ್ಟಿ ಬೀಗ. ದುಡ್ಡು ಬೇಡವೆಂದು ಹೊತ್ತು ತಂದುಕೊಟ್ಟಳು.

ಮೈಸೂರಿನಲ್ಲಿ ಆಳೆತ್ತರ ನಿಲ್ಲುವ ಬೀರು ಹ್ಯೂಸ್ಟನ್ನಿನಲ್ಲಿ ಮೊಣಕಾಲೆತ್ತರ! ಅತ್ತೆ ಮಾತ್ರ ಅದಕ್ಕೂ ಅರಿಶಿನ ಕುಂಕುಮ ಇಟ್ಟು, ಮೇಲೆ ತಮ್ಮ ಹಳೆಯ ಉಣ್ಣೆ ಶಾಲು ಹಾಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂದೇ ಸೂಟ್‌ಕೇಸು ಖಾಲಿಯಾಯಿತು, ಅಡುಗೆಮನೆ ನನ್ನ ಕೈತಪ್ಪಿತು. ಎಷ್ಟೋ ದಿನಗಳ ಮೇಲೆ ನಿಘಂಟು ತಿರುವಿದಾಗ ತಿಳಿಯಿತು: ಫ್ರೆಂಚರಲ್ಲಿ ಈ ಪದ ಹುಟ್ಟಿದ್ದೇ ಮೇಜಿನ ಮೇಲೆ ಹಾಸುವ ಒರಟು ಉಣ್ಣೆ ಬಟ್ಟೆಯಿಂದ. ಬಟ್ಟೆ ಮೇಜಾಯಿತು, ಮೇಜು ಕಚೇರಿಯಾಯಿತು, ನಮ್ಮಲ್ಲಿಗೆ ಬಂದು ಮತ್ತೆ ಬಟ್ಟೆಯನ್ನೇ ಹೊಟ್ಟೆಗೆ ಹಾಕಿಕೊಂಡಿತು. ನಿಘಂಟು ನೋಡದ ಅತ್ತೆ ಸರಿಯಾಗಿಯೇ ಶಾಲು ಹಾಸಿದ್ದರು. ನಾನಂತೂ ಹಟಕ್ಕೆ ಬಿದ್ದವಳಂತೆ ಅದನ್ನು ಟೇಬಲ್ ಎಂದೇ ಕರೆಯುತ್ತಿದ್ದೆ.

ಆರು ತಿಂಗಳಾದ ಮೇಲೆ ಅವರು ಊರಿಗೆ ಹೊರಟರು, ಬೀಗದ ಕೈ ಸಮೇತ!

"ಅಯ್ಯೋ, ಸೊಂಟದಲ್ಲೇ ಬಂದ್ಬಿಟ್ಟಿದೆ ಕಣೆ" ಎಂದರು ಫೋನಿನಲ್ಲಿ. "ಇರ್ಲಿ ಬಿಡು, ಮತ್ತೆ ಬಂದಾಗ ತೆಗೀತೀನಿ."

ಸ್ಕ್ರೂಡ್ರೈವರ್ ಹಿಡಿದು ಬಂದ ನನ್ನ ಗಂಡನನ್ನು ನಾನೇ ತಡೆದೆ. ಬೀಗದ ಕೈ ಅವರ ಹತ್ತಿರವಿದ್ದರೆ ಬಂದೇ ಬರುತ್ತಾರೆಂದು ನನ್ನ ಲೆಕ್ಕ. ಪ್ರಾಸ್ಪರ್ ಎಂಬ ಊರಿನ ಈಗಿನ ಈ ಮನೆಗೆ ಶಿಫ್ಟ್ ಆದಾಗಲೂ ಅದು ಬೀಗ ಹಾಕಿಕೊಂಡೇ ಟ್ರಕ್ಕು ಹತ್ತಿತ್ತು.

ಹಾಗಾಗಿ ಇವತ್ತು ಆ ಬೀಗದ ಕೈ ಕಂಡು ನನಗೆ ಖುಷಿಯಾಗಲಿಲ್ಲ, ಅಳು ಬಂತು. ಮಧ್ಯಾಹ್ನದವರೆಗೂ ಮುಂದೆ ಹಾಕಿ, ಕೊನೆಗೆ ತೆಗೆದೆ. ಗಪ್ಪೆಂದು ನುಸಿಗುಳಿಗೆಯ ವಾಸನೆ. ಒಳಗೆ ಅತ್ತೆಯದೆನ್ನುವುದು ಒಂದೂ ಇಲ್ಲ. ಇದ್ದದ್ದು ನನ್ನ ಧಾರೆ ಸೀರೆ! ಮೊದಲಿದ್ದ ಆಸ್ಟಿನ್ನಿನಿಂದ ಹ್ಯೂಸ್ಟನ್ನಿಗೆ ಬಂದಾಗ ಕಳೆದೇಹೋಯಿತೆಂದು ನಾನು ಕೈಬಿಟ್ಟಿದ್ದ ಸೀರೆ. ಗ್ಯಾರೇಜಿನ ಯಾವ ಡಬ್ಬದಲ್ಲಿ ಸಿಕ್ಕಿತ್ತೋ, ಜರಿ ಒಳಗಾಗುವಂತೆ ಮಡಿಸಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಇಲ್ಲಿ ಯಾರು ಕದೀತಾರೆ ಎಂದು ನಕ್ಕಿದ್ದೆನಲ್ಲ, ನಾಚಿಕೆಯಾಯಿತು.

ಮೈಸೂರಿನಲ್ಲಿ ಬೆಳಗಾಗುವವರೆಗೆ ಕಾದು ಫೋನ್ ಮಾಡಿದೆ.

"ಅತ್ತೆ, ಬೀರು ತೆಗ್ದೆ."

ಅವರು ಕೇಳಿದ್ದು ಇಷ್ಟೇ: "ಮತ್ತೆ ಬೀಗ ಹಾಕ್ದೆ ತಾನೇ?"

"ಹಾಕ್ದೆ ಅತ್ತೆ" ಎಂದೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.