ಆಪಿನ ತೆನೆಯ ದಿಂಬು

ಮದುವೆಯಾಗಿ ಮಾನ್ವಿಗೆ ಬಂದ ನಾನು ಗೂಗಲ್ಲೆಂಬ ಊರಿನ ಹೊಳೆದಂಡೆಯವಳು. ಅತ್ತೆಯ ಮನೆಯವರು ಗುಡಿಯ ಪೂಜೆಯವರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು, ಊರಿನಲ್ಲಿ ದಿನಕ್ಕೊಂದು ಗಾಳಿಸುದ್ದಿ. ಗುರುತಿಲ್ಲದವರು ನೀರು ಕೇಳಿದರೂ ಯಾರೂ ಕದ ತೆಗೆಯುತ್ತಿರಲಿಲ್ಲ. ಚೊಚ್ಚಲ ಹೆರಿಗೆಗೆ ನನ್ನನ್ನು ತವರಿಗೆ ಕಳಿಸಲಿಲ್ಲ. ದಾರಿಯ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ.

ತವರಿನಲ್ಲಿ ಕೂಸಿನ ದಿಂಬಿಗೆ ಅವ್ವ ಆಪಿನ ತೆನೆ ಬಿಡಿಸಿ ತುಂಬುತ್ತಿದ್ದಳು. ಆಪು ಕೆರೆಯಂಚಿನ ಕೆಸರಿನಲ್ಲಿ ಆಳೆತ್ತರ ಬೆಳೆಯುವ ಹುಲ್ಲು. ತುದಿಯಲ್ಲಿ ಸಜ್ಜೆ ತೆನೆಯಂಥ ಕಂದು ತೆನೆ. ಒಣಗಿದ್ದನ್ನು ಹಿಚುಕಿದರೆ ಹತ್ತಿಗಿಂತ ಮೆತ್ತಗಿನ ಎಳೆ ಉಕ್ಕಿ ಬರುತ್ತದೆ. ಮಾನ್ವಿಯ ಕೆರೆಯಲ್ಲೂ ಅದು ಕಂಡಿತು. ಬಟ್ಟೆ ಒಗೆಯಲು ಹೋದಾಗಲೆಲ್ಲ ಸೆರಗಿನಲ್ಲಿ ಮುಚ್ಚಿ ತಂದು ಅಟ್ಟದ ಮೇಲಿಟ್ಟೆ. ಹುಟ್ಟದ ಕೂಸಿಗೆ ಮೊದಲೇ ಏನೂ ಹೊಂದಿಸಬಾರದೆನ್ನುತ್ತಾರೆ, ಅದಕ್ಕೇ ಯಾರಿಗೂ ಹೇಳಲಿಲ್ಲ.

ಅತ್ತೆ ನೋಡಿಬಿಟ್ಟಿದ್ದರು. ಹೊಳೆಯ ಕಡೆಯ ಹೆಂಗಸರು ಮಾಟ ಬಲ್ಲವರೆಂದು ಪಕ್ಕದ ಮನೆಯಾಕೆ ಅವರ ತಲೆ ತುಂಬಿದ್ದಳಂತೆ. ನಾನು ಬಡಿಸಿದ್ದನ್ನು ನಾನು ಉಂಡ ಮೇಲೆಯೇ ಅವರು ಮುಟ್ಟತೊಡಗಿದರು. ನನ್ನ ಟ್ರಂಕಿನ ಸೀರೆಗಳ ಮಡಿಕೆ ಬದಲಾಗಿರುತ್ತಿತ್ತು. ಅಷ್ಟರಲ್ಲಿ ತೆನೆಗಳೂ ಕಡಿಮೆಯಾದವು. ಅವರೇ ಯಾವ ಮಂತ್ರದವನಿಗೋ ಕೊಟ್ಟಿರಬೇಕೆಂದು ನನಗೆ ದಿಗಿಲು ಹತ್ತಿತು. ಅವರು ಕೊಟ್ಟ ಕಷಾಯವನ್ನು ಬಚ್ಚಲಿಗೆ ಸುರಿದೆ. ಒಂದೇ ಒಲೆಯ ಮುಂದೆ ಇಬ್ಬರೂ ಒಬ್ಬರ ಕೈ ಒಬ್ಬರು ಕಾಯುತ್ತಿದ್ದೆವು.

ಕೊನೆಗೆ ತೆನೆಗಳು ಏನಾದವೆಂದು ನಾನೇ ಕೇಳಿದೆ.

"ನಾನೇ ಒಲ್ಯಾಗ ಹಾಕೀನಿ," ಅಂದರು ಅತ್ತೆ. "ಮಾಟದ್ದಾದ್ರ ಹೊಗಿ ಎಂಥಾದು ಬರ್ತದ ನೋಡಬೇಕಾಗಿತ್ತು. ಯಾರಿಗಿ ಮಾಡಾಕತ್ತೀದಿ ಇದನ್ನ?"

"ಕೂಸಿಗ್ರಿ. ದಿಂಬಿಗಿ," ಅಂದೆ. ಅಳು ಬಂತು.

ಅವರು ನಂಬಲಿಲ್ಲ, ಆದರೆ ಉಳಿದ ತೆನೆಗಳನ್ನು ಮುಟ್ಟಲೂ ಇಲ್ಲ.

ಮಗಳು ಹುಟ್ಟಿ ಹೆಸರಿಟ್ಟ ಮೇಲೆ, ಅತ್ತೆ ತಮ್ಮ ಕಣ್ಣೆದುರೇ ದಿಂಬು ತುಂಬಬೇಕೆಂದರು. ಒಂದೊಂದು ತೆನೆಯನ್ನೂ ಬಿಸಿಲಿಗೆ ಹಿಡಿದು ನೋಡಿ ಕೊಟ್ಟರು. ಎಳೆ ಹಾರಿ ಅವರ ಕೂದಲಿಗೆಲ್ಲ ಅಂಟಿತು. ಹೊಲಿದು ಮುಗಿಸಿದೆನೋ ಇಲ್ಲವೋ, ಆ ಪುಟ್ಟ ದಿಂಬನ್ನು ಕಸಿದುಕೊಂಡು ಪಡಸಾಲೆಯಲ್ಲಿ ತಾವೇ ತಲೆಗಿಟ್ಟು ಮಲಗಿದರು. ಆ ಮಧ್ಯಾಹ್ನವೆಲ್ಲ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅವರ ಉಸಿರು ನೋಡುತ್ತ ಕೂತೆ. ಅವರಿಗೊಂದು ಕೆಮ್ಮು ಬಂದರೂ ನನ್ನ ಕತೆ ಮುಗಿದಂತೆ.

ಬಿಸಿಲು ಇಳಿದ ಮೇಲೆ ಎದ್ದರು. ಕತ್ತು ತಿರುಗಿಸಿ ನೋಡಿಕೊಂಡು, ದಿಂಬನ್ನು ನನ್ನ ಕಡೆ ಸರಿಸಿದರು.

"ಮಲಗಸು ಕೂಸಿನ್ನ," ಅಂದರು.