ಒಲೆಯ ಹೊಗೆ ಕುಡಿದ ಗಿಟಾರಿನ ಕತ್ತು

ಷಿಲ್ಲಾಂಗಿನ ಲೈತುಮ್‌ಖ್ರಾ ಓಣಿಗಳಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫಿಡಾಲಿಯಾ ಮಾರ್ಬನಿಯಾಂಗ್ ಆಗಲೇ ಅಡುಗೆಮನೆಯಲ್ಲಿ ಸ್ಟೂಲು ಹತ್ತಿ ನಿಂತಿದ್ದಾರೆ. ಒಲೆಯ ಮೇಲೆ ತೂಗುಬಿಟ್ಟ ಅಟ್ಟದಲ್ಲಿ ಒಣಮೀನು, ಮಾಂಸದ ತುಂಡುಗಳ ಪಕ್ಕದಲ್ಲೇ ಮರದ ಹಲಗೆಗಳು ಮಲಗಿವೆ. ಒಂದನ್ನು ಇಳಿಸಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ. "ಇನ್ನೂ ಹಸಿ ಐತೆ. ಹೊಗೆ ಕುಡೀಲಿ ಬಿಡು" ಎಂದು ಮತ್ತೆ ಮೇಲಿಡುತ್ತಾರೆ. ಬಾಯಲ್ಲಿ ಎಲೆ ಅಡಿಕೆ, ಕೆಳಗೆ ಕುದಿಯುತ್ತಿರುವ ಕೆಂಪು ಚಹಾ.

ಊರಿಗೆಲ್ಲ ಅವರು ಕಾಂಗ್ ಫಿಡಾ, ಅಂದರೆ ಫಿಡಾ ಅಕ್ಕ. ಇಲ್ಲಿನ ಪದ್ಧತಿಯಂತೆ, ಕೊನೆಯ ಮಗಳಾದ್ದರಿಂದ ಮನೆ, ಒಲೆ ಅವರ ಪಾಲಿಗೇ ಬಂದವು. ಜೊತೆಗೆ ಬಡಗಿ ಅಪ್ಪನ ಉಳಿ, ಗರಗಸಗಳೂ. ಅಣ್ಣಂದಿರು ಮದುವೆಯಾಗಿ ಹೆಂಡತಿಯರ ಮನೆ ಸೇರಿದ್ದಾರೆ. ಮನೆಗೊಬ್ಬ ಗಿಟಾರ್ ನುಡಿಸುವ ಈ ಊರಿನಲ್ಲಿ ಕುರ್ಚಿಗಿಂತ ಗಿಟಾರೇ ಹೆಚ್ಚು ಮುರಿಯುತ್ತದೆ. ಅವರ ರಿಪೇರಿ ಅಂಗಡಿಗೆ ದಿನಕ್ಕೆ ಮೂರೋ ನಾಲ್ಕೋ ಬರುತ್ತವೆ. ಒಂದರ ತಲೆ ಸೀಳಿರುತ್ತದೆ, ಇನ್ನೊಂದರ ತಂತಿ ಹಾಯುವ ಕತ್ತನ್ನು ಯಾರೋ ಮತ್ತಿನಲ್ಲಿ ಮೆಟ್ಟಿರುತ್ತಾರೆ.

ಅಂಟಿಸಿ ಕೊಡುತ್ತಿದ್ದಷ್ಟು ಕಾಲ ಎಲ್ಲರೂ ಭೇಷ್ ಎನ್ನುತ್ತಿದ್ದರು. ಒಮ್ಮೆ ಹೊಸ ಕತ್ತನ್ನೇ ಮಾಡಹೋಗಿ ಮರ್ಯಾದೆ ಕಳೆದುಕೊಂಡರು. ಸಾಮಿಲ್ಲಿನವನು ಒಣಗಿದೆ ಎಂದ ಹಲಗೆಯನ್ನು ನಂಬಿ ಕೆತ್ತಿದ್ದು ಮೊದಲ ಮಳೆಗಾಲಕ್ಕೇ ಬಾಗಿ, ಚರ್ಚಿನಲ್ಲಿ ಹಾಡು ನಡೆಯುತ್ತಿರುವಾಗಲೇ ಶ್ರುತಿ ಎಕ್ಕುಟ್ಟಿಹೋಯಿತು. ಅಂದಿನಿಂದ ಓಣಿಯವರ ಬಾಯಲ್ಲಿ ಅವರು 'ಬಾಳೆಹಣ್ಣು ಅಕ್ಕ'.

"ನಗೋರು ನಗ್ಲಿ. ನಂಗೆ ಅಪ್ಪನ ಉಳಿ ಮುಟ್ಟೋಕೇ ನಾಚ್ಕೆ ಆಗೋದು. ಅದೇ ನೋವು" ಎನ್ನುತ್ತಾರೆ.

ನಾಚಿಕೊಂಡು ಕೂರುವ ಜೀವವಲ್ಲ ಅದು. ಗಾಳಿಗೆ ಹಿತ್ತಲಲ್ಲಿ ಉರುಳಿದ ಕಾಡು ಚೆರ್ರಿ ಮರವನ್ನು ಕೊಯ್ಯಿಸಿ, ಹಲಗೆಗಳನ್ನು ಅಟ್ಟಕ್ಕೇರಿಸಿ ವರ್ಷಗಟ್ಟಲೆ ಬಿಟ್ಟರು. ಗುಡ್ಡವೇ ನೆನೆದು ಹಸಿಯಾಗುವ ಊರಿನಲ್ಲಿ ಒಣಗಿದ ಜಾಗವೆಂದರೆ ಒಲೆಯ ನೆತ್ತಿಯೊಂದೇ. "ಮೀನು ಕೆಡದ ಕಡೆ ಮರ ಯಾಕ್ ಕೆಡುತ್ತೆ?" ಎನ್ನುವುದು ಅವರ ಲೆಕ್ಕಾಚಾರ. ಹಿತ್ತಲ ಗಿಡ ಮದ್ದಲ್ಲ ಎಂದು ನೆರೆಹೊರೆಯವರು ಮೂಗು ಮುರಿದರು.

ಈ ಜೂನಿನಲ್ಲಿ ಲಾಂಬೋಕ್ ಎಂಬ ವಾದಕ ಎರಡು ತುಂಡಾದ ಎಲೆಕ್ಟ್ರಿಕ್ ಗಿಟಾರ್ ತಂದ. ಟ್ಯಾಕ್ಸಿಯ ಮೇಲಿಂದ ಬಿದ್ದು, ಹಿಂದೆ ಅಂಟಿಸಿದ್ದ ಜಾಗದಲ್ಲೇ ಕತ್ತು ಮತ್ತೆ ಮುರಿದಿತ್ತು. ಮುಂದಿನ ವಾರ ಬಯಲಿನಲ್ಲಿ ದೊಡ್ಡ ಕಾರ್ಯಕ್ರಮ. ವಿದೇಶದಿಂದ ಕತ್ತು ತರಿಸುವಷ್ಟು ಸಮಯವಿಲ್ಲ.

"ಬೇರೆ ಯಾರ್ದಾದ್ರೂ ಗಿಟಾರ್ ಇಸ್ಕೊಳ್ಳಪ್ಪ."

"ಸೋದರಮಾವ ಕೊಟ್ಟಿದ್ದು, ಕಾಂಗ್. ಬೇರೆದು ಹಿಡಿದ್ರೆ ನನ್ ಕೈ ಮಾತೇ ಕೇಳಲ್ಲ. ಹೇಗಾದ್ರೂ ಅಂಟ್ಸಿಕೊಡಿ."

"ಇದಿನ್ನು ಅಂಟಲ್ಲ. ಹೊಸ್ದು ಮಾಡ್ಕೊಡ್ತೀನಿ."

ಲಾಂಬೋಕ್ ಹಿಂದುಮುಂದು ನೋಡಿದ. "ಮತ್ತೆ ಬಾಳೆಹಣ್ಣಾದ್ರೆ?"

"ಆದ್ರೆ ಅಂಗಡಿ ಬಾಗ್ಲು ಹಾಕ್ತೀನಿ. ಕುರ್ಚಿನೂ ಮುಟ್ಟಲ್ಲ, ಹೋಗು."

ಆಡಿದ ಮಾತಿಗೆ ಬೆಲೆ ಕೊಡುವ ಹೆಂಗಸು; ತಮಾಷೆಗೆ ಹೇಳಿದ್ದಲ್ಲ. ಚೆನ್ನಾಗಿ ಒಣಗಿದ ಹಲಗೆಯನ್ನೇ ಆರಿಸಿ, ನಡುವೆ ಕಾಲುವೆ ತೋಡಿ, ಬಾಗದಂತೆ ಉಕ್ಕಿನ ಸರಳು ಕೂರಿಸಿದರು. ಮೇಲೆ ಕರಿಮರದ ಪಟ್ಟಿ ಅಂಟಿಸಿ, ಸ್ವರಸ್ಥಾನದ ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಬಡಿದರು. ಬೆನ್ನು ಉಜ್ಜುವಾಗ ಲಾಂಬೋಕನನ್ನು ಎದುರಿಗೇ ಕೂರಿಸಿಕೊಂಡು, ಅವನ ಅಂಗೈಗೆ ಹಿತವಾಗುವ ತನಕ ಅರ ಆಡಿಸಿದರು. ಕೊನೆಗೆ ತಿರುಪು ಬಿಗಿದು ಕೈಗಿತ್ತಾಗ ಅವನು ಮೂಗರಳಿಸಿದ.

"ಕಾಂಗ್, ಒಣಮೀನಿನ ವಾಸ್ನೆ!"

"ಬೆಕ್ಕು ಬರದಂಗೆ ನೋಡ್ಕೋ."

ಕಾರ್ಯಕ್ರಮದ ಸಂಜೆ ಮಳೆ ಹನಿ ಕಡಿಯಲಿಲ್ಲ. ಮಂಜು ವೇದಿಕೆಯೊಳಗೇ ನುಗ್ಗಿತು. ವೇದಿಕೆಗೆ ಬಂದ ವಾದಕರೆಲ್ಲ ಹಾಡಿಗೊಮ್ಮೆ ಶ್ರುತಿಯ ಬಿರಡೆ ತಿರುಗಿಸಿ ತಿರುಗಿಸಿ ಸಾಕಾದರು. ಜನರ ಹಿಂದೆ ಛತ್ರಿಯಡಿ ಫಿಡಾ ಜೀವ ಕೈಯಲ್ಲಿ ಹಿಡಿದು ನಿಂತಿದ್ದರು. ಲಾಂಬೋಕ್ ಒಂದು ಹಾಡು ನುಡಿಸಿದ, ಎರಡು ನುಡಿಸಿದ. ಬಿರಡೆಯ ಕಡೆ ಕೈಯೇ ಹೋಗಲಿಲ್ಲ. ಕೊನೆಯ ಹಾಡಿನಲ್ಲಿ ತಂತಿಯನ್ನು ಎಳೆದೆಳೆದು ಮೇಲಿನ ಸ್ವರಕ್ಕೇರಿಸಿ ನಿಲ್ಲಿಸಿದಾಗ ಸ್ವರ ಕೂದಲೆಳೆಯಷ್ಟೂ ಅಲುಗಲಿಲ್ಲ. ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ಕೂಗಿದ: "ಈ ಕತ್ತು ನಮ್ಮ ಕಾಂಗ್ ಫಿಡಾ ಕೆತ್ತಿದ್ದು!"

ಬಯಲಿಗೆ ಬಯಲೇ ಸಿಳ್ಳೆ ಹಾಕಿತು. ಅಡ್ಡಹೆಸರು ಇಟ್ಟವರದೇ ಎಲ್ಲರಿಗಿಂತ ಜೋರು ಸಿಳ್ಳೆ.

"ಛತ್ರಿ ಎಸ್ದು ಕುಣಿದ್ಬಿಟ್ಟೆ, ಈ ಮಂಡಿನೋವಲ್ಲಿ!" ಎಂದು ಫಿಡಾ ಈಗಲೂ ನಗುತ್ತಾರೆ. ಆ ನಗು ನೋಡುವುದೇ ಒಂದು ಹಬ್ಬ.

ಈಗ ಹೊಸ ಕತ್ತು ಬೇಕೆಂದು ದೂರದ ತುರಾ ಪಟ್ಟಣದಿಂದಲೂ ಜನ ಬರುತ್ತಾರೆ. ಒಣಗಿದ ಹಲಗೆಯಿಲ್ಲದೆ ಅರ್ಧ ಜನರನ್ನು ಅವರು ಚಹಾ ಕುಡಿಸಿ ವಾಪಸು ಕಳಿಸುತ್ತಾರೆ. ಅವಸರದ ಕೆಲಸ ಅವರಿಗೆ ಮತ್ತೆ ಬೇಡ. ಇಂದು ಬೆಳಿಗ್ಗೆ ಬಂದ ಗಿರಾಕಿಗೆ ಹಲಗೆಯೇನೋ ಸಿಕ್ಕಿತು. ಸಿಕ್ಕಿದ ಮೇಲೆ ಅವನದೊಂದು ಕೋರಿಕೆ: ಗಿಟಾರಿನ ತಲೆಯ ಮೇಲೆ ಯಾವುದಾದರೂ ವಿದೇಶಿ ಕಂಪನಿಯ ಹೆಸರು ಬರೆದುಕೊಟ್ಟರೆ ನೋಡಲು ಚೆನ್ನ.

ಫಿಡಾ ಎಲೆ ಅಡಿಕೆ ಉಗಿದು ಬಂದು, ಕನ್ನಡಕದ ಮೇಲಿಂದ ಅವನನ್ನು ನೋಡುತ್ತಾರೆ.

"ಮರ ನಮ್ ಹಿತ್ಲುದು, ಹೊಗೆ ನಮ್ಮನೆದು, ಕೈ ನಂದು. ಹೆಸ್ರು ಹಾಕ್ಲೇಬೇಕು ಅಂದ್ರೆ ನಂದೇ ಹಾಕ್ತೀನಪ್ಪ."